ಎಷ್ಟು ಕೊಡುತ್ತೆ ಅಂತ ಕೇಳುವ ಮೊದಲು: ಆಫೀಸಿಗೆ ಓಡಾಡುವ ಸಣ್ಣ ಕಾರಿನ ಲೆಕ್ಕ

ಹೊಸ ಕಾರು ಮನೆ ಮುಂದೆ ಬಂದು ನಿಂತರೆ ಸಾಕು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಇನ್ನೂ ಒಡೆದಿರುವುದಿಲ್ಲ, ಅಷ್ಟರಲ್ಲಿ ಯಾರಾದರೂ ಕೇಳಿರುತ್ತಾರೆ, "ಮೈಲೇಜ್ ಎಷ್ಟು ಕೊಡುತ್ತೆ?" ನಮ್ಮಲ್ಲಿ ಕಾರಿನ ಮೊದಲ ಪ್ರಶ್ನೆ ಇದೇ. ಎಷ್ಟೋ ಜನರಿಗೆ ಕೊನೆಯ ಪ್ರಶ್ನೆಯೂ ಇದೇ.

ನಮ್ಮ ಆಫೀಸಿನ ಹುಡುಗಿಯೊಬ್ಬಳು ಕಾರು ಕೊಳ್ಳಲು ಓಡಾಡುತ್ತಿದ್ದಾಗ ನಾನೂ ಜೊತೆಗೆ ಎರಡು ಮೂರು ಶೋರೂಂ ಸುತ್ತಿದೆ. ಬನಶಂಕರಿಯಲ್ಲಿ ಬಾಡಿಗೆ ಮನೆ, ಬೆಳ್ಳಂದೂರಿನಲ್ಲಿ ಕೆಲಸ. ಹೋಗಲು ಸುಮಾರು 14 ಕಿಲೋಮೀಟರ್, ಬರಲು ಅಷ್ಟೇ. ತಿಂಗಳಿಗೊಮ್ಮೆ ಚನ್ನರಾಯಪಟ್ಟಣದ ಹತ್ತಿರದ ಊರಿಗೆ, ಅಪ್ಪ ಅಮ್ಮನನ್ನು ನೋಡಲು. ತೆರಿಗೆ, ವಿಮೆ ಎಲ್ಲ ಸೇರಿ ಏಳೂವರೆ ಲಕ್ಷದೊಳಗೆ ಆನ್‌ರೋಡ್ ಆಗಬೇಕು ಅನ್ನುವುದು ಅವಳ ಮಿತಿ. ಶೋರೂಮಿನಲ್ಲಿ ಕೂತು ಐದು ನಿಮಿಷ ಆಗಿರಲಿಲ್ಲ, ಸೇಲ್ಸ್ ಹುಡುಗ ಶುರು ಮಾಡಿದ. "ಮೇಡಂ, ಹೇಗೂ ಜಿಎಸ್‌ಟಿ ಇಳಿದಿದೆ. ಇನ್ನೊಂದು ಸ್ವಲ್ಪ ಹಾಕಿದ್ರೆ ಎಸ್‌ಯುವಿನೇ ಬರುತ್ತೆ. ಇಎಂಐನಲ್ಲಿ ಗೊತ್ತೇ ಆಗಲ್ಲ."

ಗೊತ್ತಾಗುತ್ತದೆ. ಚೆನ್ನಾಗಿಯೇ ಗೊತ್ತಾಗುತ್ತದೆ. ಈ ಲೇಖನ ಬರೆಯಲು ಅವನ ಆ ಮಾತೇ ಕಾರಣ.

ಮೊದಲು ಜಿಎಸ್‌ಟಿ ವಿಷಯ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ತೆರಿಗೆ ಶೇ. 18ಕ್ಕೆ ಇಳಿಯಿತು. ಅದಕ್ಕೆ ಮುಂಚೆ ಶೇ. 28 ಜಿಎಸ್‌ಟಿ, ಮೇಲೆ ಸೆಸ್ ಬೇರೆ. ಸಣ್ಣ ಕಾರು ಅಂದರೆ ಸರ್ಕಾರದ ಲೆಕ್ಕದಲ್ಲಿ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ಒಳಗಿರಬೇಕು, ಡೀಸೆಲ್ ಆದರೆ 1,500 ಸಿಸಿ. ತೆರಿಗೆಗೆ ಮುಂಚೆ 5 ಲಕ್ಷ ಬೆಲೆಯಿದ್ದ ಪೆಟ್ರೋಲ್ ಕಾರು ಮೊದಲು 6.45 ಲಕ್ಷಕ್ಕೆ ಬರುತ್ತಿತ್ತು, ಈಗ 5.90 ಲಕ್ಷ. ಕೆಲವು ಕಂಪನಿಗಳು ಇನ್ನೂ ಕೆಳಗಿಳಿದವು. ಆಗ ಮಾರುತಿ ಆಲ್ಟೊ ಕೆ10 ಎಕ್ಸ್‌ಶೋರೂಂ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) 3.69 ಲಕ್ಷದಿಂದ, ಟಾಟಾ ಟಿಯಾಗೊ 4.57 ಲಕ್ಷದಿಂದ, ವ್ಯಾಗನ್ ಆರ್ 4.98 ಲಕ್ಷದಿಂದ ಶುರುವಾದವು. ಸಣ್ಣ ಕಾರಿನ ಕಾಲ ಮುಗಿಯಿತು ಅಂತ ಎಲ್ಲರೂ ಮಾತಾಡುತ್ತಿದ್ದ ಹೊತ್ತಿನಲ್ಲಿ ಇದು ದೊಡ್ಡ ಬದಲಾವಣೆ. ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಮಳೆಯಲ್ಲಿ ಓಡಾಡುವ ಮನೆಗಳಿಗೆ ಕಾರು ಕೈಗೆಟುಕುವಂತಾದರೆ ನನಗಂತೂ ತುಂಬಾ ಸಂತೋಷ.

ಆದರೆ ಉಳಿದ ಆ ಐವತ್ತು ಅರವತ್ತು ಸಾವಿರ ಜೇಬಿನಲ್ಲಿ ಉಳಿಯುತ್ತಿಲ್ಲ. ಅದನ್ನೇ ಮೆಟ್ಟಿಲು ಮಾಡಿಕೊಂಡು ಮೇಲಿನ ಕಾರಿಗೆ ಹೋಗುತ್ತಿದ್ದೇವೆ.

ಅವಳ ಲೆಕ್ಕವನ್ನೇ ತೆಗೆದುಕೊಳ್ಳಿ. ಎಕ್ಸ್‌ಶೋರೂಂ 6 ಲಕ್ಷದ ಕಾರು ಒಂದು, 9 ಲಕ್ಷದ್ದು ಇನ್ನೊಂದು. ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್, ಅಂದರೆ ಕೊಳ್ಳುವಾಗ ಒಮ್ಮೆಲೇ ಕಟ್ಟುವ ರಸ್ತೆ ತೆರಿಗೆ, ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲೊಂದು. 5ರಿಂದ 10 ಲಕ್ಷದ ಕಾರಿಗೆ ಶೇ. 14, ಮೇಲೆ ಸೆಸ್. ಹತ್ತು ಲಕ್ಷ ದಾಟಿದರೆ ಶೇ. 17. ಹಾಗಾಗಿ 6 ಲಕ್ಷದ ಕಾರಿಗೆ ತೆರಿಗೆಯೇ ತೊಂಬತ್ತು ಸಾವಿರ ದಾಟುತ್ತದೆ, 9 ಲಕ್ಷದ್ದಕ್ಕೆ 1.40 ಲಕ್ಷದ ಹತ್ತಿರ. ವಿಮೆ ಎಲ್ಲ ಸೇರಿಸಿದರೆ ಮೊದಲನೆಯದು ಸುಮಾರು 7.3 ಲಕ್ಷ, ಎರಡನೆಯದು 10.9 ಲಕ್ಷ. ವ್ಯತ್ಯಾಸ 3.6 ಲಕ್ಷ. ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಅಂದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 2,076 ರೂಪಾಯಿ ಕಂತು. 3.6 ಲಕ್ಷಕ್ಕೆ ಹತ್ತಿರ ಹತ್ತಿರ 7,500.

ಈಗ ಪೆಟ್ರೋಲಿಗೆ ಬನ್ನಿ. ದಿನಾ ಆಫೀಸಿಗೆ ಹೋಗುತ್ತಾಳೆ ಅಂತಲೇ ಹಿಡಿಯೋಣ. ದಿನಕ್ಕೆ 28 ಕಿಲೋಮೀಟರ್, ತಿಂಗಳಿಗೆ 22 ದಿನ, ಒಟ್ಟು 616 ಕಿಲೋಮೀಟರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಸಿ ಹಾಕಿಕೊಂಡು ಲೀಟರಿಗೆ 15 ಕೊಟ್ಟರೆ 41 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ 4,200 ರೂಪಾಯಿ ಚಿಲ್ಲರೆ. ಇಡೀ ತಿಂಗಳ ಪೆಟ್ರೋಲ್ ಇಷ್ಟು. ದೊಡ್ಡ ಕಾರಿನ ಹೆಚ್ಚುವರಿ ಕಂತೇ ಇದಕ್ಕಿಂತ ಮೂರು ಸಾವಿರ ಜಾಸ್ತಿ!

ಅವಳು ಕ್ಯಾಲ್ಕುಲೇಟರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, "ಸರ್, ಹಾಗಾದ್ರೆ ನಾನು ಮೂರು ದಿನದಿಂದ ಮೈಲೇಜ್ ಪಟ್ಟಿ ನೋಡ್ಕೊಂಡು ಕೂತಿದ್ದು ಸುಮ್ನೇನಾ?" ಅಂದಳು. ಪೂರ್ತಿ ಸುಮ್ನೆ ಅಲ್ಲ. ಲೀಟರಿಗೆ 15 ಕೊಡುವ ಕಾರಿನ ಬದಲು 18 ಕೊಡುವುದು ಸಿಕ್ಕಿದರೆ ಅವಳಿಗೆ ತಿಂಗಳಿಗೆ ಏಳುನೂರು ರೂಪಾಯಿ ಉಳಿಯುತ್ತದೆ. ಉಳಿಯಲಿ, ಒಳ್ಳೆಯದೇ. ಆದರೆ ಏಳುನೂರು ರೂಪಾಯಿಯ ಪ್ರಶ್ನೆಗೆ ಮೂರು ದಿನ, ಏಳೂವರೆ ಸಾವಿರದ ಪ್ರಶ್ನೆಗೆ ಐದು ನಿಮಿಷ ಕೊಡುವುದು ಸರಿಯಲ್ಲ, ಅಲ್ವಾ?

ಕಣ್ಣಿಗೆ ಕಾಣದ ಇನ್ನೊಂದು ಖರ್ಚಿದೆ. ಪೆಟ್ರೋಲ್ ಹಾಕಿಸಿದಾಗ ದುಡ್ಡು ಕೈಯಿಂದ ಹೋಗುತ್ತದೆ, ಹಾಗಾಗಿ ಉರಿಯುತ್ತದೆ. ಕಾರಿನ ಬೆಲೆ ಇಳಿಯುವುದು ಯಾರಿಗೂ ಕೇಳಿಸುವುದಿಲ್ಲ. ವಿಮೆಯವರ ಪಟ್ಟಿ ನೋಡಿ. ಒಂದು ವರ್ಷ ದಾಟಿದ ಕಾರಿಗೆ ಶೇ. 20 ಕಳೆಯುತ್ತಾರೆ, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕು ದಾಟಿ ಐದರೊಳಗೆ ಇದ್ದರೆ 50. ಅಂದರೆ ಐದು ವರ್ಷಕ್ಕೆ ಅರ್ಧ ಬೆಲೆ. 6 ಲಕ್ಷದ ಕಾರಿನಲ್ಲಿ 3 ಲಕ್ಷ ಹೋಯಿತು, ತಿಂಗಳಿಗೆ 5,000. ಲೈಫ್‌ಟೈಮ್ ಟ್ಯಾಕ್ಸ್ ಅಂತೂ ಕೊಂಡ ದಿನವೇ ಹೋಗಿರುತ್ತದೆ. ಮಾರುಕಟ್ಟೆಯಲ್ಲಿ ಒಳ್ಳೆ ಹೆಸರಿರುವ ಗಾಡಿ ಇದಕ್ಕಿಂತ ಚೆನ್ನಾಗಿ ಬೆಲೆ ಹಿಡಿಯಬಹುದು, ಆದರೂ ದಿಕ್ಕು ಇದೇ. ಆಫೀಸಿಗೆ ಹೋಗಿ ಬರುವ ಕಾರಿನಲ್ಲಿ ಅತಿ ದೊಡ್ಡ ಖರ್ಚು ಪೆಟ್ರೋಲ್ ಅಲ್ಲವೇ ಅಲ್ಲ, ಕಾರೇ.

ಇಷ್ಟು ತಲೆಯಲ್ಲಿದ್ದರೆ ಸಿಎನ್‌ಜಿ, ಎಲೆಕ್ಟ್ರಿಕ್, ಪೆಟ್ರೋಲ್ ಅನ್ನುವ ಗೊಂದಲ ಅರ್ಧ ಕರಗುತ್ತದೆ.

ಸಿಎನ್‌ಜಿ ಕಾರಿಗೆ ಪೆಟ್ರೋಲ್ ಕಾರಿಗಿಂತ ಸುಮಾರು 90 ಸಾವಿರ ಜಾಸ್ತಿ ಅಂತಿಟ್ಟುಕೊಳ್ಳಿ. ಕೆಜಿಗೆ 90 ರೂಪಾಯಿ, ಊರೊಳಗೆ ಕೆಜಿಗೆ 24 ಕಿಲೋಮೀಟರ್ ಹಿಡಿಯೋಣ. ದಿನಾ ಆಫೀಸಿಗೆ ಹೋದರೆ ತಿಂಗಳಿಗೆ 1,900 ರೂಪಾಯಿ ಉಳಿಯುತ್ತದೆ. ಕೊಟ್ಟ 90 ಸಾವಿರ ವಾಪಸ್ ಬರಲು ಸುಮಾರು ನಾಲ್ಕು ವರ್ಷ. ಆದರೆ ನಿಜದಲ್ಲಿ ಅವಳಿಗೆ ವಾರಕ್ಕೆ ಮೂರೇ ದಿನ ಆಫೀಸು. ಆಗ ತಿಂಗಳಿಗೆ 364 ಕಿಲೋಮೀಟರ್ ಮಾತ್ರ. ಉಳಿತಾಯ 1,100ಕ್ಕೆ ಇಳಿಯುತ್ತದೆ, ಕಾಯುವುದು ಆರೂವರೆ ವರ್ಷಕ್ಕೆ ಏರುತ್ತದೆ. ಬಂಕಿನ ಮುಂದಿನ ಕ್ಯೂ ಬೇರೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು. ಹೆಚ್ಚಿನ ಕಾರುಗಳಲ್ಲಿ ಡಿಕ್ಕಿಯ ಜಾಗವೆಲ್ಲ ಸಿಲಿಂಡರಿಗೇ. ಟಾಟಾದವರು ಎರಡು ಚಿಕ್ಕ ಸಿಲಿಂಡರ್‌ಗಳನ್ನು ಕೆಳಗೆ ಮಲಗಿಸಿ ಡಿಕ್ಕಿಯನ್ನು ಉಳಿಸಿದ್ದಾರೆ, ಅದು ನಿಜಕ್ಕೂ ಜಾಣತನದ ಕೆಲಸ. ಊರಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಹಾಕಿಕೊಂಡು ಬರುವವರಿಗೆ ಡಿಕ್ಕಿ ಬೇಕೇ ಬೇಕು.

ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡುವವರಿಗೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಅವರು ಸಿಎನ್‌ಜಿಯನ್ನು ಯೋಚಿಸಲೇಬೇಕು.

ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ನನಗೆ ಸ್ವಲ್ಪ ಅಭಿಮಾನವೇ ಇದೆ. ಸಣ್ಣ ಎಲೆಕ್ಟ್ರಿಕ್ ಕಾರು ಅಂದರೆ ಬೆಂಗಳೂರಿನದೇ ಕೂಸು. ರೇವಾ ಹೊರಬಂದದ್ದು ಇಲ್ಲಿಂದಲೇ, 2001ರಲ್ಲಿ. ಎರಡು ಬಾಗಿಲಿನ ಆ ಪುಟ್ಟ ಗಾಡಿ ಜಯನಗರದ ರಸ್ತೆಯಲ್ಲಿ ಸದ್ದಿಲ್ಲದೆ ಹೋಗುವುದನ್ನು ನಿಂತು ನೋಡಿದ ನೆನಪು ತುಂಬಾ ಜನರಿಗಿದೆ. ಆಫೀಸಿಗೆ ಹೋಗಿ ಬರಲು ಇಂಥ ಕಾರಿಗಿಂತ ಸರಿಯಾದದ್ದು ಇನ್ನೊಂದಿಲ್ಲ. ಕ್ಲಚ್ ಇಲ್ಲ, ನಿಂತಾಗ ಹೊಗೆಯಿಲ್ಲ, ಸಿಗ್ನಲ್‌ನಲ್ಲಿ ಇಂಧನ ಸುಡುವುದಿಲ್ಲ. ಟಿಯಾಗೊ ಇವಿ, ಎಂಜಿ ಕಾಮೆಟ್ ತರಹದ ಕಾರು ಒಂದು ಯೂನಿಟ್‌ಗೆ ಏಳೆಂಟು ಕಿಲೋಮೀಟರ್ ಓಡುತ್ತದೆ ಅಂದುಕೊಂಡರೆ, ತಿಂಗಳ 616 ಕಿಲೋಮೀಟರಿಗೆ ತೊಂಬತ್ತು ಯೂನಿಟ್ ಸಾಕು. ಆರುನೂರು ಏಳುನೂರು ರೂಪಾಯಿಯ ಕರೆಂಟು.

ಇಲ್ಲೊಂದು ನಮ್ಮ ರಾಜ್ಯದ್ದೇ ಆದ ಸೂಕ್ಷ್ಮ ಇದೆ. ಮನೆಗೆ ಗೃಹಜ್ಯೋತಿ ಇದೆಯಾ ನೋಡಿ. ಈಗ 120 ಯೂನಿಟ್ ಬಳಸುವ ಮನೆಗೆ ಕಾರಿನ 90 ಸೇರಿದರೆ 210. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಆಗ ಕಾರಿನ ಕರೆಂಟಿನ ಜೊತೆಗೆ ಫ್ರಿಡ್ಜ್, ಗೀಸರಿನ ದುಡ್ಡೂ ತಲೆಗೆ ಬರುತ್ತದೆ. ಹಾಗಾದರೂ ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಲೆಕ್ಕದಲ್ಲಿ ಇದು ಇರಲಿ. ಚಾರ್ಜಿಂಗ್‌ಗೆ ಅಂತಲೇ ಬೇರೆ ಮೀಟರ್ ಹಾಕಿಸುವ ದಾರಿಯೂ ಇದೆ.

ಅವಳಿಗೆ ಎಲೆಕ್ಟ್ರಿಕ್ ಕೈಬಿಟ್ಟುಹೋದದ್ದು ಇದರಿಂದ ಅಲ್ಲ. ಮನೆ ಓನರ್ ಒಪ್ಪಲಿಲ್ಲ, ಅಷ್ಟೇ. "ಪಾಯಿಂಟ್ ಹಾಕಿಸೋದು ಬೇಡಮ್ಮ, ನಾಳೆ ನೀವು ಮನೆ ಖಾಲಿ ಮಾಡಿದ್ರೆ?" ಅಂದರು. ಬಾಡಿಗೆ ಮನೆಯವರ ದೊಡ್ಡ ತೊಡಕು ಇದು. ರಾತ್ರಿ ನಿಲ್ಲಿಸುವ ಜಾಗದಲ್ಲೇ ಪ್ಲಗ್ ಇದ್ದರೆ ಎಲೆಕ್ಟ್ರಿಕ್ ಸಲೀಸು. ಇಲ್ಲದಿದ್ದರೆ ವಾರದಲ್ಲಿ ಎರಡು ದಿನ ಎಲ್ಲೋ ಚಾರ್ಜರ್ ಮುಂದೆ ಕಾಯಬೇಕು. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆದಾರರಿಗೆ ಪಾರ್ಕಿಂಗ್‌ನಲ್ಲಿ ಒಂದು ಪ್ಲಗ್ ಸಿಗುವ ಹಾಗೆ ಮಾಡುವುದು ಇಷ್ಟು ಕಷ್ಟವಾಗಬಾರದಿತ್ತು.

ಸರಿ, ಪೆಟ್ರೋಲ್ ಅಂತ ಆಯಿತು. ಇನ್ನು ಗೇರು.

ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಸೈಕಲ್ಲಿನ ವೇಗ. ಅದೂ ಇಡೀ ವರ್ಷದ ಸರಾಸರಿ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ದಾಟುವವರಿಗೆ ಈ ಸರಾಸರಿಯೂ ಕನಸೇ. ಕಂಪನಿ ಹೇಳುವ ಮೈಲೇಜ್ ಬರುವುದು ಲ್ಯಾಬಿನಲ್ಲಿ, ರೋಲರ್ ಮೇಲೆ ಓಡಿಸಿ. ವ್ಯಾಗನ್ ಆರ್ 1.0 ಮ್ಯಾನುವಲ್‌ನ 24.35 ಅಂಥದ್ದೇ ಅಂಕಿ. ಅಲ್ಲಿ ಹಿಂದಿನಿಂದ ಹಾರ್ನ್ ಹೊಡೆಯುವ ಟೆಂಪೋ ಇರುವುದಿಲ್ಲ.

ಕೆಲವು ವರ್ಷದ ಹಿಂದೆ ನನ್ನ ಹಳೆಯ ಹ್ಯಾಚ್‌ಬ್ಯಾಕ್ ಹೆಬ್ಬಾಳದ ಮೇಲ್ಸೇತುವೆ ಏರುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಕೂಗುತ್ತಿದೆ, ಗಾಡಿ ಏರುತ್ತಿಲ್ಲ. ಹೇಗೋ ತಳ್ಳಿಸಿಕೊಂಡು ಗ್ಯಾರೇಜಿಗೆ ಮುಟ್ಟಿಸಿದೆ. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ಅಂಚು ನುಣ್ಣಗಾಗಿ ಕಪ್ಪು ನೀಲಿ ಬಣ್ಣಕ್ಕೆ ತಿರುಗಿತ್ತು. "ಹಾಫ್ ಕ್ಲಚ್‌ನಲ್ಲೇ ಓಡಿಸ್ತೀರಲ್ವಾ ಸರ್? ತಪ್ಪು ನಿಮ್ದಲ್ಲ ಬಿಡಿ, ಈ ರಸ್ತೇಲಿ ಎಲ್ಲರೂ ಹಾಗೇ ಓಡ್ಸೋದು" ಅಂದರು. ಹತ್ತು ಸಾವಿರದ ಹತ್ತಿರ ಬಿಲ್ ಆಯಿತು. ಎಡ ಮೊಣಕಾಲಿನ ನೋವು ಬೇರೆ.

ಆದ್ದರಿಂದ ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವವರಿಗೆ ನನ್ನ ಸಲಹೆ ನೇರವಾದದ್ದು. ಟಚ್‌ಸ್ಕ್ರೀನ್, ಸನ್‌ರೂಫ್, ಅಲಾಯ್ ವೀಲ್ ಬಿಟ್ಟುಬಿಡಿ. ಆ ದುಡ್ಡನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕಿ. ಈ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ಎಎಂಟಿ. ನಮ್ಮ ದೇಶದಲ್ಲಿ 2014ರಲ್ಲಿ ಸೆಲೆರಿಯೊ ಮೂಲಕ ಶುರುವಾದದ್ದು. ಒಳಗೆ ಅದೇ ಮ್ಯಾನುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅದಕ್ಕೇ ಅಗ್ಗ, ಮೈಲೇಜೂ ಬೀಳುವುದಿಲ್ಲ. ಕುಂದೂ ಅಲ್ಲಿಂದಲೇ ಬರುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದೆ ಹಿಂದೆ ತೂಗುತ್ತದೆ. ಏರಿನಲ್ಲಿ ನಿಂತು ಹೊರಡುವಾಗ, ಗಾಡಿಯನ್ನು ಕ್ಷಣಕಾಲ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೆಯೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಇದರಲ್ಲೂ ಸುಡುತ್ತದೆ. ಬ್ರೇಕ್ ಹಿಡಿದು ನಿಲ್ಲಬೇಕು. ಒಂದು ವಾರದಲ್ಲಿ ರೂಢಿಯಾಗುತ್ತದೆ.

ಗಾತ್ರದ ವಿಷಯವನ್ನು ಶೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ವ್ಯಾಗನ್ ಆರ್ ಅಗಲ 1,620 ಮಿಲಿಮೀಟರ್, ಸ್ವಿಫ್ಟ್ 1,735. ವ್ಯತ್ಯಾಸ ಹನ್ನೊಂದೂವರೆ ಸೆಂಟಿಮೀಟರ್, ಅರ್ಧ ಗೇಣು. ಕಾಗದದಲ್ಲಿ ಏನೂ ಅಲ್ಲ. ಆದರೆ ಬನಶಂಕರಿಯ 30-40 ಸೈಟಿನ ಮನೆಯಲ್ಲಿ ಮೆಟ್ಟಿಲಿಗೂ ಸಂಪಿಗೂ ನಡುವೆ ಕಾರು ನಿಲ್ಲಿಸಿ, ಬಾಗಿಲು ತೆರೆದು, ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು ಹಿಡಿದು ಹೊರಬರಬೇಕಲ್ಲ, ಆಗ ಆ ಅರ್ಧ ಗೇಣಿನ ಬೆಲೆ ತಿಳಿಯುತ್ತದೆ. ನಾವು ಟೇಪು ಹಿಡಿದು ಅಳೆದೇಬಿಟ್ಟೆವು. ನೀವೂ ಅಳೆಯಿರಿ, ನಾಚಿಕೆ ಬೇಡ.

ಇಷ್ಟರವರೆಗಿನ ಮಾತೆಲ್ಲ ಒಂದೇ ಕಡೆ ವಾಲುತ್ತಿತ್ತು. ಚಿಕ್ಕದು, ಅಗ್ಗದ್ದು, ಎಎಂಟಿ. ಆಮೇಲೆ ಚನ್ನರಾಯಪಟ್ಟಣದ ರಸ್ತೆ ನೆನಪಾಯಿತು.

ಆಫೀಸಿನ ಕಾರು ಆಫೀಸಿಗಷ್ಟೇ ಹೋಗುವುದಿಲ್ಲ. ಯುಗಾದಿಗೆ, ಗೌರಿ ಹಬ್ಬಕ್ಕೆ ಊರಿಗೆ ಹೋಗುವುದೂ ಅದೇ. ಸಿಲ್ಕ್ ಬೋರ್ಡ್‌ನಲ್ಲಿ ಹದಿನೇಳು ಕಿಲೋಮೀಟರ್ ವೇಗದಲ್ಲಿ ತೆವಳುವ ಗಾಡಿ ಕುಣಿಗಲ್ ದಾಟಿದ ಮೇಲೆ ನೂರರಲ್ಲಿ ಓಡುತ್ತದೆ, ಪಕ್ಕದಲ್ಲಿ ಲಾರಿ, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ. ಇಲ್ಲಿ ನಾನು ಉಳಿತಾಯದ ಮಾತು ನಿಲ್ಲಿಸುತ್ತೇನೆ. ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವ್ಯಾಗನ್ ಆರ್‌ಗೆ 2023ರಲ್ಲಿ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್. ಆಲ್ಟೊ ಕೆ10ಗೆ ಎರಡು. ಆಮೇಲೆ 2025ರಲ್ಲಿ ಈ ಕಾರುಗಳಿಗೆ ಎಲ್ಲ ಮಾದರಿಯಲ್ಲೂ ಆರು ಏರ್‌ಬ್ಯಾಗ್ ಬಂದವು. ಅದು ಒಳ್ಳೆಯ ಹೆಜ್ಜೆ. ಆದರೆ ಏರ್‌ಬ್ಯಾಗ್ ಕೆಲಸ ಮಾಡಬೇಕಾದರೆ ಸುತ್ತಲಿನ ಚೌಕಟ್ಟು ಗಟ್ಟಿಯಿರಬೇಕು. ಟಿಯಾಗೊ 2020ರಲ್ಲಿ ನಾಲ್ಕು ಸ್ಟಾರ್ ತೆಗೆದಿತ್ತು, ಆದರೆ ಹಳೆಯ ನಿಯಮದಲ್ಲಿ. 2022ರಲ್ಲಿ ಪರೀಕ್ಷೆ ಬಿಗಿಯಾಯಿತು. ಹೊಸ ನಿಯಮದಲ್ಲಿ ಡಿಜೈರ್ 2024ರಲ್ಲಿ ಐದು ಸ್ಟಾರ್ ಗಳಿಸಿತು. ಸ್ಟಾರ್ ಎಣಿಸುವಾಗ ಯಾವ ವರ್ಷದ ಪರೀಕ್ಷೆ ಅಂತ ಕೇಳಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ಕಾರು ರಿಂಗ್ ರೋಡ್ ದಾಟುವುದೇ ಅಪರೂಪ ಅನ್ನುವವರಿಗೆ ವ್ಯಾಗನ್ ಆರ್ ಅಥವಾ ಸೆಲೆರಿಯೊ ಎಎಂಟಿ ಸಾಕು. ಎತ್ತರದ ಸೀಟಿಗೆ ಮಂಡಿ ನೋವಿನವರೂ ಬಗ್ಗದೆ ಹತ್ತುತ್ತಾರೆ. ತಿಂಗಳಿಗೊಮ್ಮೆಯಾದರೂ ಹೈವೇ ಹಿಡಿಯುವವರು ಟಿಯಾಗೊ ಎಎಂಟಿ ನೋಡಲಿ, ಇನ್ನೂ ಸ್ವಲ್ಪ ಕೈ ಚಾಚುವುದಾದರೆ ಪಂಚ್ ಅಥವಾ ಡಿಜೈರ್‌ನ ಕೆಳಗಿನ ಮಾದರಿ. ಬಜೆಟ್ ಮೀರುವುದಿದ್ದರೆ ಅದು ಚೌಕಟ್ಟಿಗಾಗಿ ಮೀರಲಿ.

ಸೆಕೆಂಡ್ ಹ್ಯಾಂಡ್ ಅಂದರೆ ಮುಖ ಸಿಂಡರಿಸುವ ಕಾಲ ಹೋಯಿತು. ನಾಲ್ಕು ವರ್ಷದ ಕಾರಿನಲ್ಲಿ ಬೆಲೆ ಇಳಿಯುವ ನೋವನ್ನು ಮೊದಲ ಓನರ್ ತಿಂದಿರುತ್ತಾರೆ, ಲೈಫ್‌ಟೈಮ್ ಟ್ಯಾಕ್ಸ್ ಕೂಡ ಅವರೇ ಕಟ್ಟಿರುತ್ತಾರೆ. ಎರಡು ವಿಷಯ ನೋಡಿಕೊಳ್ಳಿ. ಒಂದು, ನಂಬರ್ ಪ್ಲೇಟ್. ಡಿಎಲ್, ಎಚ್‌ಆರ್ (ದೆಹಲಿ, ಹರಿಯಾಣ) ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತದೆ, ಯಾಕೆಂದರೆ ದೆಹಲಿಯ ಸುತ್ತ ಹಳೆಯ ಡೀಸೆಲ್, ಪೆಟ್ರೋಲ್ ಗಾಡಿಗಳ ಮೇಲೆ ಕಡಿವಾಣವಿದೆ. ಆದರೆ ಇಲ್ಲಿ ತೆರಿಗೆ ಕಟ್ಟಿ ಮತ್ತೆ ನೋಂದಣಿ ಮಾಡಿಸುವಷ್ಟರಲ್ಲಿ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ. ಎರಡು, ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್ ನಂತರದ ಕಾರುಗಳು ಅದಕ್ಕೆ ತಕ್ಕಂತೆ ಬಂದಿವೆ. ಹಳೆಯ ಕಾರಿನಲ್ಲಿ ಮೈಲೇಜ್ ಶೇ. 6-7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ರಬ್ಬರ್ ಪೈಪು, ಸೀಲುಗಳನ್ನೂ ಮೆಕ್ಯಾನಿಕ್ ಒಮ್ಮೆ ನೋಡಲಿ.

ಶೋರೂಂ ಬಿಲ್ಲಿನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಅಂತ ಸಾಲು ಕಂಡರೆ ತೆಗೆಸಿ. ವಿಮೆಯನ್ನು ಅವರ ಹತ್ತಿರವೇ ಮಾಡಿಸಬೇಕೆಂಬ ಕಾನೂನು ಇಲ್ಲ, ಹೊರಗೆ ಬೆಲೆ ಕೇಳಿಕೊಂಡು ಹೋಗಿ. ಏಳು ವರ್ಷದ ಸಾಲಕ್ಕೆ ಮಾತ್ರ ಒಪ್ಪಬೇಡಿ. 6 ಲಕ್ಷಕ್ಕೆ ಐದು ವರ್ಷದಲ್ಲಿ ಬಡ್ಡಿ 1.47 ಲಕ್ಷ, ಏಳು ವರ್ಷದಲ್ಲಿ 2.11 ಲಕ್ಷ. ಔಟರ್ ರಿಂಗ್ ರೋಡಿನ ಆಫೀಸುಗಳಿಗೆ ಮೆಟ್ರೋದಲ್ಲೇ ಹೋಗಿಬರುವ ದಿನ ಬಂದರೆ ಈ ಕಾರು ವಾರಕ್ಕೆ ಎಷ್ಟು ದಿನ ಗೇಟಿನಿಂದ ಹೊರಬರುತ್ತದೋ, ಕಂತು ಮಾತ್ರ ಏಳು ವರ್ಷ ಬರುತ್ತಲೇ ಇರುತ್ತದೆ.

ಕೊನೆಗೆ ಟೆಸ್ಟ್ ಡ್ರೈವ್. ಶೋರೂಮಿನವರು ಭಾನುವಾರ ಬೆಳಗ್ಗೆ ಕರೆದರು, ಖಾಲಿ ರಸ್ತೆಯಲ್ಲಿ ಎರಡು ಕಿಲೋಮೀಟರ್. ಬೇಡ ಅಂದೆವು. ಬುಧವಾರ ಸಂಜೆ ಆರಕ್ಕೆ ಹೋಗಿ, ಟಿಯಾಗೊ ಎಎಂಟಿ ತೆಗೆದುಕೊಂಡು ಬನಶಂಕರಿ ಬಸ್ ಸ್ಟ್ಯಾಂಡಿನ ಜನಜಂಗುಳಿಯಲ್ಲಿ ಹೊಕ್ಕೆವು. ಅವಳು ಓಡಿಸಿದಳು, ಊರಿಂದ ಬಂದಿದ್ದ ಅಮ್ಮ ಹಿಂದೆ ಕೂತರು. ಮುಕ್ಕಾಲು ಗಂಟೆಯಲ್ಲಿ ಆರು ಕಿಲೋಮೀಟರ್. ಮನೆಯ ಗೇಟಿನೊಳಗೆ ಒಮ್ಮೆ ಹಾಕಿ, ಬಾಗಿಲು ತೆರೆದು, ಇಳಿದು ನೋಡಿದಳು. ಅಮ್ಮ ಸೀಟು ಸ್ವಲ್ಪ ತಗ್ಗಾಯಿತು ಅಂದರು. ಆಮೇಲೆ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, "ಪರವಾಗಿಲ್ಲ, ಗಟ್ಟಿ ಇದೆ" ಅಂದರು. ಮೈಲೇಜ್ ಎಷ್ಟು ಕೊಡುತ್ತೆ ಅಂತ ಅವತ್ತು ಯಾರೂ ಕೇಳಲಿಲ್ಲ.